ತಾಯಿ ಹರಸಿದಳೆಂದು ಬರೆದ ಮೇಷ್ಟ್ರು

ಮಂಡ್ಯದಲ್ಲಿ ಪಾಶ್ಚಾತ್ಯ ಸಂಗೀತದ ವಿಷಯದಲ್ಲಿ ಯಾರಿಗಾದರೂ ಅನುಮಾನ ಬಂದರೆ ಕೇಳುವುದಕ್ಕೆ ಇದ್ದವರು ಒಬ್ಬರೇ, ರಘುನಂದನ್ ಮೇಷ್ಟ್ರು. ಅಂಥ ಅನುಮಾನ ಬರುವವರು ಇಡೀ ಊರಲ್ಲಿ ಹತ್ತು ಹನ್ನೆರಡು ಮಂದಿಗಿಂತ ಹೆಚ್ಚಿರಲಿಲ್ಲ ಅನ್ನುವುದು ಬೇರೆ ಮಾತು. ಮೂವತ್ತು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತರಾದ ಮೇಲೆ ಮೇಷ್ಟ್ರಿಗೆ ಆ ಹತ್ತು ಹನ್ನೆರಡು ಮಂದಿಯೇ ತರಗತಿ. ಪ್ರತಿ ತಿಂಗಳ ಎರಡನೇ ಭಾನುವಾರ ಸಂಜೆ ನಾಲ್ಕು ಗಂಟೆಗೆ ಪುಟ್ಟರಾಜು ಅವರ ಪ್ರೆಸ್ಸಿನ ಮಹಡಿಯ ಮೇಲೆ ಎಲ್ಲರೂ ಸೇರುತ್ತಿದ್ದರು. ಮೇಷ್ಟ್ರು ಮನೆಯಿಂದ ರೆಕಾರ್ಡ್ ಪ್ಲೇಯರು ತಂದು, ತಟ್ಟೆ ಹಾಕಿ, ಮುಳ್ಳು ಇಳಿಸಿ, ಏನು ಕೇಳಬೇಕು, ಯಾಕೆ ಕೇಳಬೇಕು ಎಂದು ಹೇಳುತ್ತಿದ್ದರು. ಕೆಳಗೆ ಅಚ್ಚಿನ ಯಂತ್ರ ನಿಂತಿದ್ದರೂ ಮಸಿಯ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಕೊನೆಗೆ ಟೀ, ಬಿಸ್ಕತ್ತು.

ಪುಟ್ಟರಾಜು ಒಂದು ಮಾಸಪತ್ರಿಕೆಯನ್ನೂ ನಡೆಸುತ್ತಿದ್ದರು. ಅದರಲ್ಲಿ ಮೇಷ್ಟ್ರ ಅಂಕಣ ಆರು ವರ್ಷದಿಂದ ಬರುತ್ತಿತ್ತು. ಆ ವರ್ಷದ ನವೆಂಬರ್ ಸಂಚಿಕೆಗೆ ಅವರು ಬರೆದದ್ದು ಒಂದು ರಷ್ಯನ್ ಒಪೆರಾದ ಹಳೆಯ ಧ್ವನಿಮುದ್ರಿಕೆಯ ಬಗ್ಗೆ. ಒಪೆರಾ ಅಂದರೆ ಮಾತೆಲ್ಲ ಹಾಡಿನಲ್ಲೇ ನಡೆಯುವ ನಾಟಕ, ನಮ್ಮ ಕಡೆಯ ಪೌರಾಣಿಕ ನಾಟಕದಲ್ಲಿ ಮಾತೇ ಇಲ್ಲದೆ ಬರೀ ಪದ್ಯಗಳಿದ್ದ ಹಾಗೆ ಎಂದು ಓದುಗರಿಗೆ ಮೊದಲೇ ತಿಳಿಸಿದ್ದರು. ಕಥೆ ಸಣ್ಣದು. ಶತ್ರುಗಳು ಮುತ್ತಿಗೆ ಹಾಕಿದ ಒಂದು ಕೋಟೆ. ಒಳಗಿನ ರಾಜಕುಮಾರ ತನ್ನ ಜೀವ ಉಳಿಸಿಕೊಳ್ಳುವುದಕ್ಕೆ ಬಾಗಿಲು ತೆಗೆದುಬಿಡುತ್ತಾನೆ. ಊರು ಸುಟ್ಟುಹೋಗುತ್ತದೆ. ಮೂರನೇ ಅಂಕದಲ್ಲಿ ಅವನ ಮುದಿ ತಾಯಿ ಕೋಟೆಗೋಡೆಯ ಮೇಲೆ ನಿಂತು ಮಗನಿಗೊಂದು ಹಾಡು ಹೇಳುತ್ತಾಳೆ. ಸಂಗೀತ ಬರೆದವನು ಕೆಲಸ ಮುಗಿಸುವ ಮೊದಲೇ ಸತ್ತ. ಅವನ ಗೆಳೆಯ ಅದನ್ನು ತಿದ್ದಿ, ನಯ ಮಾಡಿ, ರಂಗಕ್ಕೆ ತಂದ. ಎಪ್ಪತ್ತು ವರ್ಷದ ಹಿಂದೆ ಮಾಸ್ಕೋದಲ್ಲಿ ಮುದ್ರಿಸಿದ್ದು ಈ ತಿದ್ದಿದ ಆವೃತ್ತಿಯನ್ನೇ. ನಾಲ್ಕು ತಟ್ಟೆಗಳ ಪೆಟ್ಟಿಗೆ. ಲೋಕವೆಲ್ಲ ಹೊಗಳಿದ ಮುದ್ರಿಕೆ.

ಮೇಷ್ಟ್ರು ಹೊಗಳಲಿಲ್ಲ. ಮೂಲದಲ್ಲಿ ತಾಯಿ ಮಗನನ್ನು ಶಪಿಸುತ್ತಾಳೆ, ತಿದ್ದಿದವನು ಆ ಶಾಪವನ್ನು ಕಿತ್ತುಹಾಕಿ ಹರಕೆಯ ಮಾತು ತುಂಬಿದ್ದಾನೆ, ಲಾಲಿಹಾಡಿನ ಸಕ್ಕರೆ ಬೆರೆಸಿ ತಾಯಿಯ ಕೋಪವನ್ನೇ ಕೆಡಿಸಿದ್ದಾನೆ ಎಂದು ಬರೆದರು. ಹಾಡಿದಾಕೆಯನ್ನೂ ಬಿಡಲಿಲ್ಲ. ಕೊನೆಯ ಸಾಲಿನಲ್ಲಿ ಗಂಟಲು ಒಡೆಯುವ ಈ ಮುದುಕಿಯನ್ನು ಮುದ್ರಣಕ್ಕೆ ಕರೆದದ್ದೇ ತಪ್ಪು ಎಂದರು. ಇಷ್ಟರ ಮೇಲೆ ಒಂದು ವಾಕ್ಯ: “ಮೂಲ ರಷ್ಯನ್ನಿನಲ್ಲೇ ಕೇಳಿ, ತೂಗಿ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.”

ಆ ವಾಕ್ಯ ಸುಳ್ಳು. ಎಂ.ಎ. ಓದುವಾಗ ಬೆಂಗಳೂರಿನಲ್ಲಿ ಮೂರು ತಿಂಗಳು ರಷ್ಯನ್ ತರಗತಿಗೆ ಹೋಗಿದ್ದರು, ಅಷ್ಟೆ. ಅಕ್ಷರ ಕೂಡಿಸಿ ಓದುವುದು ಬರುತ್ತಿತ್ತು, ನೂರಿನ್ನೂರು ಪದ ನೆನಪಿತ್ತು. ತಿದ್ದಿದವನು ಶಾಪವನ್ನು ಲಾಲಿ ಮಾಡಿದ ಎಂಬ ಒಂದು ಸಾಲನ್ನು ಯಾವುದೋ ಇಂಗ್ಲಿಷ್ ಪುಸ್ತಕದಲ್ಲಿ ಓದಿದ್ದರು. ಆಮೇಲೆ ತಟ್ಟೆ ಕೇಳುವಾಗ ತಾಯಿಯ ಹಾಡಿನಲ್ಲಿ ‘ನಿದ್ದೆ’ ಅನ್ನುವ ಪದವೂ ‘ಮನೆ’ ಅನ್ನುವ ಪದವೂ ಕಿವಿಗೆ ಬಿದ್ದವು. ಮೇಷ್ಟ್ರಿಗೆ ಅಷ್ಟು ಸಾಕಾಯಿತು.

ಆ ತಿಂಗಳ ಸಭೆಯಲ್ಲಿ ಅದೇ ತಟ್ಟೆ ಹಾಕುವುದೆಂದು ಪತ್ರಿಕೆಯಲ್ಲೇ ಪ್ರಕಟಣೆ ಇತ್ತು. ಅದನ್ನು ನೋಡಿಕೊಂಡು ಮಳವಳ್ಳಿಯಿಂದ ಒಬ್ಬ ಹೆಂಗಸು ಬಂದಿದ್ದರು. ಎಪ್ಪತ್ತೈದು ದಾಟಿದವರು, ನೂಲಿನ ಸೀರೆಯ ಮೇಲೆ ಸ್ವೆಟರು, ತೊಡೆಯ ಮೇಲೆ ಒಂದು ಬ್ಯಾಗು. ಹೆಸರು ದೇವಿರಮ್ಮ ಎಂದು ಪುಟ್ಟರಾಜು ಪರಿಚಯ ಮಾಡಿಸಿದರು. “ನಮ್ಮ ಚಂದಾದಾರರು ಸಾರ್. ಇವರ ಯಜಮಾನರು ಸಿದ್ದರಾಮು ಅಂತ, ಮಾಸ್ಕೋದಲ್ಲಿ ಕೂತು ಕನ್ನಡಕ್ಕೆ ಅನುವಾದ ಮಾಡ್ತಿದ್ದವರು. ಆಗ ಅಲ್ಲಿಂದ ಅಗ್ಗದ ಪುಸ್ತಕ ಬರ್ತಿದ್ವಲ್ಲ, ಅವು. ಇವರೂ ಹನ್ನೆರಡು ವರ್ಷ ಅಲ್ಲೇ ಇದ್ರಂತೆ.”

“ಓ, ಸಂತೋಷ,” ಎಂದರು ಮೇಷ್ಟ್ರು. ಎಂದರಾದರೂ ಸಂತೋಷವಾಗಲಿಲ್ಲ. ಆಕೆಯ ಒಡೆದ ಹಿಮ್ಮಡಿ, ಎಲೆಅಡಿಕೆಯ ಬಾಯಿ ನೋಡಿ ಸಮಾಧಾನ ತಂದುಕೊಂಡರು. ಅನುವಾದ ಮಾಡಿದ್ದು ಗಂಡ, ಇವರಲ್ಲವಲ್ಲ.

ತಾಯಿಯ ಹಾಡು ಆರು ನಿಮಿಷ. ಅದು ನಡೆಯುವಷ್ಟು ಹೊತ್ತೂ ಹಿಂದಿನ ಕುರ್ಚಿಯಲ್ಲಿ ದೇವಿರಮ್ಮನ ತುಟಿ ಅಲುಗುತ್ತಿತ್ತು. ಹಾಡು ಮುಗಿಯಿತು. ಮೇಷ್ಟ್ರು ಮುಳ್ಳು ಎತ್ತಿದರು.

“ಕೇಳಿದ್ರಲ್ಲ? ‘ಸ್ನಾ’ ಅಂದ್ರೆ ನಿದ್ದೆ, ‘ದೋಮ’ ಅಂದ್ರೆ ಮನೆ. ನಿನಗೆ ನಿದ್ದೆ ಬರಲಿ, ಮನೆ ಸಿಗಲಿ ಅಂತ ಹರಸ್ತಾ ಇದ್ದಾಳೆ. ಯಾರನ್ನ? ಇಡೀ ಊರನ್ನೇ ಸುಡಿಸಿದ ಮಗನನ್ನ! ಇದು ತಿದ್ದಿದವನ ಕೈಚಳಕ.”

“ಮೇಷ್ಟ್ರೇ, ಒಂದ್ಮಾತು,” ಎಂದರು ದೇವಿರಮ್ಮ. ಎಲ್ಲರೂ ಹಿಂತಿರುಗಿದರು. “ಅವ್ಳು ಅರಸ್ತಾ ಇಲ್ಲ. ಸಾಪ ಆಕ್ತಾವ್ಳೆ.”

ಮೇಷ್ಟ್ರು ನಕ್ಕರು. “ಲಾಲಿ ಹಾಡಿಕೊಂಡು ಶಾಪ ಹಾಕ್ತಾರೇನಮ್ಮ?”

“ಅದೇ ಕಣಪ್ಪ. ರಾಗ ಲಾಲಿದು, ಮಾತು ಸಾಪದ್ದು. ‘ನೆ ಬೂದೆತ್ ತಿಬ್ಯೆ ನಿ ಸ್ನಾ, ನಿ ದೋಮ’ ಅಂತಾವ್ಳೆ. ‘ನಿ’ ಅಂದ್ರೆ ಇಲ್ಲ ಅಂತ. ನಿಂಗೆ ನಿದ್ದೇನೂ ಇಲ್ದಂಗಾಗ್ಲಿ, ಮನೇನೂ ಇಲ್ದಂಗಾಗ್ಲಿ ಅಂತ. ಅಲ್ಲಿ ಅಂಗಡಿ ಮುಂದೆ ಕ್ಯೂ ನಿಂತ್ರೆ ದಿನಾ ಇದ್ನೇ ಕೇಳ್ತಿದ್ದೊ ನಾವು. ‘ನಿ ಮ್ಯಾಸ, ನಿ ಮಾಸ್ಲ’. ಮಾಂಸಾನೂ ಇಲ್ಲ, ಬೆಣ್ಣೇನೂ ಇಲ್ಲ, ಓಗು ಮನೀಗೆ ಅಂತ.”

ಒಂದಿಬ್ಬರು ಮುಗುಳ್ನಕ್ಕರು. ಒಂದಿಬ್ಬರು ಮೇಷ್ಟ್ರ ಮುಖ ನೋಡಿದರು. ಆ ನೋಟವೇ ಅವರಿಗೆ ತಡೆಯದಾಯಿತು. ಆರು ವರ್ಷದಲ್ಲಿ ಆ ಮಹಡಿಯ ಮೇಲೆ ಯಾರೂ ಅವರ ಮುಖವನ್ನು ಹಾಗೆ ನೋಡಿರಲಿಲ್ಲ.

“ಅಮ್ಮಾ, ಇದು ಒಪೆರಾ,” ಎಂದರು ಮೇಷ್ಟ್ರು, ತರಗತಿಯ ದನಿಯಲ್ಲಿ. “ಕಾವ್ಯದ ಭಾಷೆ. ಬೆಣ್ಣೆ ಕ್ಯೂನಲ್ಲಿ ನಿಂತು ಕಲಿತ ರಷ್ಯನ್ನು ಇಲ್ಲಿ ನಡೆಯೋದಿಲ್ಲ.”

ಎಲ್ಲರೂ ನಕ್ಕರು. ಸಹಕಾರ ಬ್ಯಾಂಕಿನ ಮ್ಯಾನೇಜರು ಯತೀಶ್ ತೊಡೆ ತಟ್ಟಿಕೊಂಡು ನಕ್ಕರು. ದೇವಿರಮ್ಮನೂ ಸ್ವಲ್ಪ ನಕ್ಕ ಹಾಗೆ ಮಾಡಿ, ಬ್ಯಾಗಿನ ಹಿಡಿ ಸರಿಮಾಡಿಕೊಂಡರು. “ಇರ್ಬೋದು ಬುಡಿ. ಬುಟ್ಟು ಬಂದು ಮೂವತ್ತಾರು ವರ್ಸ ಆಯ್ತು.” ಟೀ ಬರುವ ಮೊದಲೇ, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದರು.

ಮೇಷ್ಟ್ರಿಗೆ ಆ ಸಂಜೆ ಏನೂ ಅನ್ನಿಸಲಿಲ್ಲ. ಗೆದ್ದ ಹಾಗೆಯೇ ಇತ್ತು. ಸೋಮವಾರವೂ ಹಾಗೇ ಕಳೆಯಿತು. ಮಂಗಳವಾರ ಬೆಳಿಗ್ಗೆ ಕಾಫಿ ಕುಡಿದು ರೆಕಾರ್ಡುಗಳ ಕೋಣೆಗೆ ಹೋದಾಗ, ಆ ಹೆಂಗಸು ಪತ್ರಿಕೆಗೆ ಕಾಗದ ಗೀಗದ ಬರೆದರೆ ಉತ್ತರ ಸಿದ್ಧವಿರಲಿ ಎಂದು ಪೆಟ್ಟಿಗೆ ತೆಗೆದರು. ತಟ್ಟೆಗಳ ಜೊತೆ ಹಾಡಿನ ಮಾತುಗಳ ಪುಸ್ತಿಕೆ ಇತ್ತು, ಪೂರ್ತಿ ರಷ್ಯನ್ನಿನಲ್ಲಿ. ಕೊಂಡು ಹನ್ನೊಂದು ವರ್ಷವಾಗಿದ್ದರೂ ಅದನ್ನು ಬಿಡಿಸಿ ನೋಡಿದವರಲ್ಲ. ಮೂರನೇ ಅಂಕದ ಪುಟ ಹುಡುಕಿ ಮೊಬೈಲು ಹಿಡಿದರು. ಪುಟದ ಚಿತ್ರ ತೆಗೆದರೆ ಅನುವಾದ ಮಾಡಿ ತೋರಿಸುವ ಸೌಕರ್ಯ ಅದರಲ್ಲಿತ್ತು.

ರಷ್ಯನ್ ಅಕ್ಷರಗಳು ಒಂದು ಕ್ಷಣ ನಡುಗಿ ಕನ್ನಡವಾದವು. ‘ನಿನಗೆ ನಿದ್ರೆಯೂ ಇರುವುದಿಲ್ಲ, ಮನೆಯೂ ಇರುವುದಿಲ್ಲ.’

ಮೊಬೈಲು ತಪ್ಪು ಮಾಡಿರಬೇಕು ಎಂದು ಇನ್ನೊಮ್ಮೆ ಹಿಡಿದರು. ಕಿಟಕಿಯ ಬೆಳಕಿಗೆ ಹೋಗಿ ಮತ್ತೊಮ್ಮೆ ಹಿಡಿದರು. ಅದೇ ಬಂತು. ಮುನ್ನುಡಿಯ ಪುಟಗಳನ್ನೂ ಹಾಗೇ ಓದಿದರು. ತಿದ್ದಿದವನು ರಾಗ ಬದಲಿಸಿದ್ದಾನೆ, ವಾದ್ಯ ಬದಲಿಸಿದ್ದಾನೆ, ಹಾಡಿನ ಮಾತಿನಲ್ಲಿ ಒಂದಕ್ಷರವನ್ನೂ ಮುಟ್ಟಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿತ್ತು.

ಮೇಷ್ಟ್ರ ಕಿವಿ ಬಿಸಿಯಾಯಿತು. ಕೋಣೆಯಲ್ಲಿ ಯಾರೂ ಇರಲಿಲ್ಲ, ಆದರೂ ಯಾರೋ ನೋಡಿಬಿಟ್ಟರು ಅನ್ನುವ ಹಾಗೆ ಪುಸ್ತಿಕೆಯನ್ನು ಪೆಟ್ಟಿಗೆಯೊಳಕ್ಕೆ ತುರುಕಿ ಮುಚ್ಚಿದರು. ಹೊರಗಿನಿಂದ ಹೆಂಡತಿ ಕುಸುಮ, “ಉಪ್ಪಿಟ್ಟು ಆರಿಹೋಗ್ತಾ ಇದೆ,” ಎಂದು ಕೂಗಿದರು. ತಿನ್ನುವಾಗ ರುಚಿ ತಿಳಿಯಲಿಲ್ಲ.

ಅವತ್ತೇ ಒಂದು ಫೋನು ಮಾಡಬಹುದಿತ್ತು. ಚಂದಾದಾರರ ಪಟ್ಟಿಯಲ್ಲಿ ದೇವಿರಮ್ಮನ ನಂಬರು ಇತ್ತು, ಪುಟ್ಟರಾಜು ಅವರನ್ನು ಕೇಳಿದರೆ ಎರಡು ನಿಮಿಷದ ಕೆಲಸ. ನಾಳೆ ಮಾಡೋಣ ಎಂದುಕೊಂಡರು. ಮಾರನೆಯ ದಿನ ಮೈಸೂರಿನಿಂದ ಒಬ್ಬ ಪ್ರೊಫೆಸರು ಫೋನ್ ಮಾಡಿ, ಕನ್ನಡದಲ್ಲಿ ಒಪೆರಾ ವಿಮರ್ಶೆ ಈ ಮಟ್ಟಕ್ಕೆ ಬಂದದ್ದು ಹೆಮ್ಮೆ ಎಂದರು. “ಆ ಹರಕೆ–ಶಾಪದ ವಿಷಯ ಹಿಡಿದಿರಲ್ಲ, ಅದೇ ನೋಡಿ.” ಮೇಷ್ಟ್ರು, “ಏನೋ, ಕಿವಿಗೆ ಬಿತ್ತು,” ಎಂದರು. ಫೋನ್ ಇಟ್ಟ ಮೇಲೆ ತಮ್ಮ ಬಾಯಿಂದ ಆ ಮಾತು ಎಷ್ಟು ಸಲೀಸಾಗಿ ಬಂತು ಎಂದು ಅವರಿಗೇ ಹೇಸಿಗೆಯಾಯಿತು. ಆ ವಾರವೇ ಪುಟ್ಟರಾಜು ಇನ್ನೊಂದು ಸುದ್ದಿ ತಂದರು. ಅಂಕಣಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡುವುದು, ಜನವರಿಯಲ್ಲಿ ಬಿಡುಗಡೆ, ಮೊದಲ ಲೇಖನ ಈ ಒಪೆರಾದ್ದೇ. ಬೇಡ ಎನ್ನಲು ಬಾಯಿ ತೆಗೆದ ಮೇಷ್ಟ್ರು, “ಆಯ್ತು,” ಎಂದುಬಿಟ್ಟರು.

ಹೀಗೆ ದಿನ ಹೋದವು. ಬೆಳಗಿನ ವಾಕಿಂಗಿನಲ್ಲಿ ಯತೀಶ್ ಸಿಕ್ಕಿದಾಗಲೆಲ್ಲ, “ಬೆಣ್ಣೆ ಕ್ಯೂ ಹೆಂಗಿದೆ ಸಾರ್?” ಎಂದು ನಗುತ್ತಿದ್ದರು. ಮೇಷ್ಟ್ರೂ ನಗುತ್ತಿದ್ದರು. ಆಮೇಲೆ ವಾಕಿಂಗಿನ ದಾರಿಯನ್ನೇ ನಾಲೆಯ ಕಡೆಗೆ ಬದಲಿಸಿಕೊಂಡರು.

ಡಿಸೆಂಬರ್ ಎರಡನೇ ತಾರೀಕು ಶನಿವಾರ, ಪುಸ್ತಕದ ಪ್ರೂಫು ಬಂತು. ಕೆಂಪು ಪೆನ್ನು ಹಿಡಿದು ಕೂತರು. ಮೊದಲ ಪುಟದಲ್ಲೇ ಆ ವಾಕ್ಯ, ಅಚ್ಚಿನ ಅಕ್ಷರದಲ್ಲಿ: ‘ಮೂಲ ರಷ್ಯನ್ನಿನಲ್ಲೇ ಕೇಳಿ, ತೂಗಿ ನೋಡಿದ ಮೇಲೆ...’ ಮುಂದಕ್ಕೆ ಓದಲಾಗಲಿಲ್ಲ. ಅರ್ಧ ಗಂಟೆ ಹಾಗೇ ಕೂತಿದ್ದು, ಅಡುಗೆಮನೆಗೆ ಹೋಗಿ ಕುಸುಮ ಅವರಿಗೆ ಎಲ್ಲವನ್ನೂ ಹೇಳಿದರು. ರಷ್ಯನ್ ಬರುವುದಿಲ್ಲ ಅನ್ನುವುದನ್ನೂ ಹೇಳಿದರು. ಮದುವೆಯಾಗಿ ಮೂವತ್ತೈದು ವರ್ಷ, ಕುಸುಮ ಅವರೂ ಗಂಡನಿಗೆ ರಷ್ಯನ್ ಬರುತ್ತದೆಂದೇ ನಂಬಿದ್ದರು.

ಕುಸುಮ ಒಲೆ ಸಣ್ಣ ಮಾಡಿದರು. “ಅಷ್ಟು ವಯಸ್ಸಾದೋರನ್ನ ಎಲ್ಲರ ಎದುರಿಗೆ ಹಂಗಂದ್ರಾ?”

“ಅಂದೆ.”

“ಹೋಗಿ ಹೇಳಿ ಬನ್ನಿ.” ಅಷ್ಟೇ ಹೇಳಿ ಸಾರಿನ ಪಾತ್ರೆಯ ಕಡೆ ತಿರುಗಿದರು.

ಮಾರನೆಯ ದಿನ ಮೇಷ್ಟ್ರು ಮದ್ದೂರಿಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ, ಮಳವಳ್ಳಿಯ ಬಸ್ಸು ಹತ್ತಿದರು. ಮುಂದೆ ಕಬ್ಬಿನ ಟ್ರ್ಯಾಕ್ಟರು ದಾರಿ ಕೊಡದೆ ಹೋಗುತ್ತಿತ್ತು. ಬಸ್ಸು ಅದರ ಹಿಂದೆ ತೆವಳಿತು. ಮೇಷ್ಟ್ರು ಪಾಠಕ್ಕೆ ತಯಾರಾಗುವ ಹಾಗೆ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡರು. ‘ಅಮ್ಮಾ, ಆವತ್ತು ನೀವು ಹೇಳಿದ್ದರಲ್ಲೂ ಒಂದು ಸತ್ಯವಿತ್ತು’ ಎಂದು ಶುರುಮಾಡಿ, ಛೆ ಎಂದು ಬಿಟ್ಟರು. ‘ಇಬ್ಬರಿಗೂ ಸ್ವಲ್ಪ ಗೊಂದಲವಾಗಿತ್ತು’ ಎಂದು ಇನ್ನೊಂದು ಹುಟ್ಟಿತು. ಅದು ಮೊದಲಿನದಕ್ಕಿಂತ ಕೀಳಾಗಿತ್ತು. ಊರು ಬರುವ ಹೊತ್ತಿಗೆ ಒಂದು ವಾಕ್ಯವೂ ಉಳಿದಿರಲಿಲ್ಲ.

ಮನೆ ಕೆರೆಯ ಕಡೆಯ ಬೀದಿಯಲ್ಲಿತ್ತು. ಬಾಗಿಲು ತೆಗೆದದ್ದು ದೇವಿರಮ್ಮನ ಮಗಳು ವೀಣ. ತಾಲ್ಲೂಕು ಕಚೇರಿಯಲ್ಲಿ ಕೆಲಸ, ನಲವತ್ತರ ಆಸುಪಾಸು. ಹೆಸರು ಹೇಳಿದ ಕೂಡಲೇ ಆಕೆಯ ಮುಖ ಬಿಗಿಯಾಯಿತು.

“ಬೆಣ್ಣೆ ಕ್ಯೂ ಅಂದೋರು ನೀವೇನಾ?”

“ಹೌದಮ್ಮ. ನಾನೇ.”

“ಒಳಗೆ ಬನ್ನಿ. ಬೀದೀಲಿ ನಿಂತು ಮಾತಾಡೋದು ಬೇಡ.” ಕುರ್ಚಿ ತೋರಿಸಿದರು. ದನಿ ತಗ್ಗಿಸಿ ಹೇಳಿದರು, “ಸಾರ್, ನಾನು ಹುಟ್ಟಿದ್ದು ಅಲ್ಲೇ. ನಾಲ್ಕು ವರ್ಷದವಳಿದ್ದಾಗ ಬಂದ್ವಿ, ನಂಗೆ ಒಂದಕ್ಷರ ಬರಲ್ಲ. ಅಪ್ಪ ಹೋದ ಮೇಲೆ ಅಮ್ಮಂಗೆ ಆ ಭಾಷೆ ಆಡೋಕೆ ಒಂದು ಜೀವ ಇರಲಿಲ್ಲ. ದಿನಾ ಮಧ್ಯಾಹ್ನ ಅಪ್ಪನ ಡಿಕ್ಷನರಿ, ತನ್ನದೊಂದು ನೋಟ್‌ಬುಕ್ಕು ಇಟ್ಕೊಂಡು ಒಬ್ಬರೇ ಓದ್ಕೊಳೋರು. ಕ್ಯೂನಲ್ಲಿ ನಿಂತಾಗ ಕಿವಿಗೆ ಬಿದ್ದ ಮಾತನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರ್ಕೊಂಡಿದ್ದ ನೋಟ್‌ಬುಕ್ಕು ಅದು. ನಿಮ್ಮ ಸಭೆಯಿಂದ ಬಂದೋರು ಅದನ್ನ ಮುಟ್ಟಲಿಲ್ಲ.”

ಹಿತ್ತಲ ಕಡೆಯಿಂದ ದೇವಿರಮ್ಮ ಬಂದರು. ಸೆರಗಿಗೆ ಕೈ ಒರೆಸಿಕೊಂಡರು. ಬೆರಳಿಗೆ ಅವರೆಕಾಯಿಯ ಸೊಗಡು ಅಂಟಿತ್ತು.

“ಮೇಷ್ಟ್ರು! ಅಲ್ಲಿಂದ ಇಲ್ಲೀಗಂಟ ಬಂದ್ರಾ? ವೀಣ, ಕಾಫಿ ಮಾಡವ್ವ.” ಎದುರಿಗೆ ಕೂತು, ಮೇಷ್ಟ್ರು ಬಾಯಿ ತೆಗೆಯುವ ಮೊದಲೇ ಹೇಳಿದರು, “ಆವತ್ತು ಮಧ್ಯದಲ್ಲಿ ಬಾಯಾಕ್ಬುಟ್ಟೆ, ಬೇಜಾರ್ ಮಾಡ್ಕಬ್ಯಾಡಿ. ನೀವು ಓದಿದೋರು, ನೀವಂದಿದ್ದೇ ಸರಿ ಅಂತ ಆಮ್ಯಾಕೆ ಅನ್ನುಸ್ತು. ನಂಗೆ ಮರ್ತೋಗದೆ. ಕಿವೀಗೆ ಒಂದು ಬೀಳ್ತದೆ, ತಲೀಗೆ ಇನ್ನೊಂದು ಓಯ್ತದೆ. ವಯಸ್ಸಾಯ್ತಲ್ಲ.”

ಬೈಗುಳಕ್ಕೆ ಸಿದ್ಧವಾಗಿ ಬಂದಿದ್ದರು ಮೇಷ್ಟ್ರು. ಇದಕ್ಕೆ ಸಿದ್ಧವಾಗಿರಲಿಲ್ಲ.

“ಇಲ್ಲ,” ಎಂದರು. “ನೀವಂದಿದ್ದೇ ಸರಿ ದೇವಿರಮ್ಮನೋರೇ. ಶಾಪಾನೇ ಅದು. ಪುಸ್ತಿಕೇಲಿ ನೋಡಿದೆ. ನೀವು ಹೇಳಿದ್ದು ಅಕ್ಷರ ಅಕ್ಷರವೂ ಸರಿ. ನನಗೆ ರಷ್ಯನ್ ಬರೋದಿಲ್ಲ. ಬರುತ್ತೆ ಅಂತ ಸುಳ್ಳು ಬರೆದಿದ್ದೆ.”

ಅಡುಗೆಮನೆಯಲ್ಲಿ ಲೋಟದ ಸದ್ದು ನಿಂತಿತು.

“ಅಂಗಾರೆ ನಂಗೆ ಮರ್ತಿರ್ನಿಲ್ವಾ?”

“ಇಲ್ಲ.”

ಒಂದು ಗಳಿಗೆ ಆ ಮುಖ ಅರಳಿತು. ಮೇಷ್ಟ್ರಿಗೆ ಉಸಿರು ಬಂತು. ಅಷ್ಟರಲ್ಲೇ ದೇವಿರಮ್ಮ ಕೇಳಿದರು, “ನಿಮ್ಗೆ ಇದು ಗೊತ್ತಾಗಿದ್ದು ಯಾವಾಗ?”

ನಿನ್ನೆ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಅದು ಬಂದೂ ಬಂತು. “ಸಭೆಯಾದ ಎರಡನೇ ದಿನ,” ಎಂದರು ಮೇಷ್ಟ್ರು. “ಹತ್ತೊಂಬತ್ತು ದಿನ ಆಯ್ತು.”

ದೇವಿರಮ್ಮ ಎದ್ದು ಹೋಗಿ ಗೋಡೆಯ ಬೀರಿನ ಬಾಗಿಲು ತೆಗೆದು ನಿಂತರು. ಕೆಳಗಿನ ಎರಡು ಖಾನೆ ಖಾಲಿ. ಧೂಳಿನಲ್ಲಿ ಪುಸ್ತಕ ಇದ್ದ ಜಾಗ ಮಾತ್ರ ಚೌಕ ಚೌಕವಾಗಿ ಕಾಣುತ್ತಿತ್ತು.

“ಮೊನ್ನೆ ಸುಕ್ರವಾರ ಹಳೇ ಪೇಪರ್ ತಗೊಳ್ಳೋನು ಬಂದಿದ್ದ. ಎಲ್ಲಾನೂ ಆಕ್ಬುಟ್ಟೆ,” ಎಂದರು. “ನಂಗೆ ಬರಾಕಿಲ್ಲ ಅಂದ್ಮ್ಯಾಕೆ ಯಾಕೆ ಮಡೀಕಂಡು ಧೂಳು ಒರೆಸ್ಲಿ ಅಂತ. ಅವರ ಡಿಕ್ಸನರಿ. ನನ್ನ ನೋಟ್‌ಬುಕ್ಕು.”

ವೀಣ ಕಾಫಿ ಲೋಟ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. “ಅಮ್ಮಾ, ನಂಗೆ ಹೇಳಲೇ ಇಲ್ವಲ್ಲ!”

ಮೇಷ್ಟ್ರು ಎದ್ದರು. “ಎಲ್ಲಿ ಅವನ ಅಂಗಡಿ? ಎರಡೇ ದಿನ ಆಗಿರೋದು. ಇರುತ್ತೆ.”

ವೀಣ ಸ್ಕೂಟರು ತೆಗೆದರು. ಅರವತ್ತಮೂರು ವರ್ಷದ ಮೇಷ್ಟ್ರು ಹಿಂದೆ ಕೂತರು. ಬಸ್ ಸ್ಟ್ಯಾಂಡಿನ ಹಿಂದಿನ ಗುಜರಿ ಅಂಗಡಿಯಲ್ಲಿ ರಟ್ಟು, ಪ್ಲಾಸ್ಟಿಕ್ ಡಬ್ಬ, ಹಳೆಯ ಪಠ್ಯಪುಸ್ತಕಗಳ ಗುಡ್ಡೆ ಇತ್ತು. ಅಂಗಡಿಯವನು, “ಅಕ್ಷರ ಗೊತ್ತಾಗದ ದಪ್ಪ ಪುಸ್ತಕಗಳಾ ಸಾರ್? ಬಂದಿದ್ವು. ನಿನ್ನೆ ಸಂಜೆ ಲೋಡ್ ಹೋಯ್ತು,” ಎಂದ. ಪೇಪರ್ ಮಿಲ್ಲಿಗೆ ಹೋಗುವ ಲಾರಿ. ಲಾರಿಯವನಿಗೆ ಫೋನ್ ಮಾಡಿಸಿದರು. ಬೆಳಿಗ್ಗೆಯೇ ಇಳಿಸಿ ಆಯಿತು, ಯಂತ್ರಕ್ಕೂ ಹೋಗಿರಬಹುದು ಎಂದನಂತೆ. ಆದರೂ ಮೇಷ್ಟ್ರು ಪ್ಯಾಂಟು ಮಡಚಿ ಆ ಗುಡ್ಡೆಯನ್ನು ಒಂದು ಗಂಟೆ ಕೆದಕಿದರು. ಯಾವುದೋ ಮಕ್ಕಳ ನೋಟ್‌ಬುಕ್ಕು ಕೈಗೆ ಬಂದಾಗಲೆಲ್ಲ ಬಿಡಿಸಿ ನೋಡಿದರು. ಲೆಕ್ಕ, ವಿಜ್ಞಾನ, ಕಾಪಿ ಬರಹ. ವೀಣ ಪಕ್ಕದಲ್ಲಿ ನಿಂತು ಕೊನೆಗೆ, “ಬಿಡಿ ಸಾರ್, ಸಿಗಲ್ಲ,” ಎಂದರು. ಆ ದನಿಯಲ್ಲಿ ಈಗ ಕೋಪ ಇರಲಿಲ್ಲ, ಸುಸ್ತು ಇತ್ತು.

ಹಿಂತಿರುಗಿದಾಗ ದೇವಿರಮ್ಮ ಮತ್ತೆ ಅವರೆಕಾಯಿಯ ಮುಂದೆ ಕೂತಿದ್ದರು. ಅವರ ಬರಿಗೈ ನೋಡಿ ಮತ್ತೆ ಕಾಯಿಯ ಕಡೆಗೇ ತಿರುಗಿದರು.

“ನೀವು ಬೈದುಬಿಡಿ,” ಎಂದರು ಮೇಷ್ಟ್ರು. ನಿಂತೇ ಇದ್ದರು.

“ಬೈಯಾಕಿಲ್ಲ. ಬೈದ್ರೆ ನಿಮ್ಗೆ ಅಗುರಾಯ್ತದೆ,” ಎಂದರು ದೇವಿರಮ್ಮ. ಒಂದು ಕಾಯಿ ಸುಲಿದು ಕಾಳನ್ನು ಬಟ್ಟಲಿಗೆ ಹಾಕಿದರು. “ಆವತ್ತೇ ಒಂದು ಫೋನ್ ಮಾಡಿದ್ರೆ ಆಗಿರೋದು. ಅಷ್ಟೇಯ. ಕಾಫಿ ಆರದೆ, ಕುಡ್ಕಂಡು ಓಗಿ.”

ಮೇಷ್ಟ್ರು ಆರಿದ ಕಾಫಿ ಕುಡಿದರು. ಬಿಡುವ ಹಾಗಿರಲಿಲ್ಲ.

ಮಂಡ್ಯಕ್ಕೆ ಬಂದವರು ನೇರವಾಗಿ ಪುಟ್ಟರಾಜು ಅವರ ಮನೆಗೆ ಹೋಗಿ ಪುಸ್ತಕ ನಿಲ್ಲಿಸಿ ಎಂದರು. ಪುಟ್ಟರಾಜು ಒಪ್ಪಲಿಲ್ಲ. “ಆ ಒಂದು ಲೇಖನ ತೆಗೆದ್ರೆ ಸಾಕಲ್ಲ ಸಾರ್. ಮಿಕ್ಕವು?”

“ಮಿಕ್ಕವುಗಳಲ್ಲಿ ಎಷ್ಟನ್ನ ಸರಿಯಾಗಿ ಕೇಳಿ ಬರೆದಿದ್ದೀನಿ ಅಂತ ನನಗೇ ಗೊತ್ತಿಲ್ಲ.”

“ತಿದ್ದುಪಡಿ ಹಾಕೋಣ. ಆದ್ರೆ ರಷ್ಯನ್ ಬರಲ್ಲ ಅಂತೆಲ್ಲ ಯಾಕೆ ಬರೀತೀರಿ? ಯಾರು ಕೇಳಿದ್ರು? ಪತ್ರಿಕೆ ಮರ್ಯಾದೆ ಪ್ರಶ್ನೆ.” ಮೇಷ್ಟ್ರು ಪ್ರೂಫು ತಿರುಗಿಸಿ ಕೊಡಲಿಲ್ಲ, ಪುಸ್ತಕ ನಿಂತಿತು. ಜನವರಿ ಸಂಚಿಕೆಯಲ್ಲಿ ತಿದ್ದುಪಡಿ ಬಂತು, ಕೊನೆಯ ಪುಟದಲ್ಲಿ, ನಾಲ್ಕು ಸಾಲು. ದೇವಿರಮ್ಮನ ಹೆಸರಿತ್ತು. ಸುಳ್ಳಿನ ವಿಷಯವನ್ನೂ ನಕ್ಕ ವಿಷಯವನ್ನೂ ಪುಟ್ಟರಾಜು ತೆಗೆದುಹಾಕಿದ್ದರು.

ಅದಕ್ಕೆ ಮೊದಲೇ, ಡಿಸೆಂಬರಿನ ಎರಡನೇ ಭಾನುವಾರ, ಮೇಷ್ಟ್ರು ಪ್ಲೇಯರು ಇಲ್ಲದೆ ಪ್ರೆಸ್ಸಿನ ಮಹಡಿ ಹತ್ತಿದ್ದರು. ಎದ್ದು ನಿಂತು ಎಲ್ಲವನ್ನೂ ಹೇಳಿದರು. ತಮಗೆ ರಷ್ಯನ್ ಬರುವುದಿಲ್ಲ ಎಂದರು. ಆಕೆ ಹೇಳಿದ್ದು ಸರಿ, ತಾವು ಆಡಿದ್ದು ಕೆಟ್ಟ ಮಾತು, ಅದಕ್ಕೆ ನೀವೆಲ್ಲ ನಕ್ಕಿರಿ, ಆ ನಗುವಿನಿಂದ ಒಂದು ನೋಟ್‌ಬುಕ್ಕು ಗುಜರಿಗೆ ಹೋಯಿತು ಎಂದರು. ಒಬ್ಬರು ಮೊಬೈಲು ನೋಡಿಕೊಂಡರು. ಟೀ ಕುಡಿಯುವಾಗ ಯತೀಶ್ ಹತ್ತಿರ ಬಂದು ಭುಜ ಮುಟ್ಟಿದರು. “ಬಿಡಿ ಸಾರ್, ಇಷ್ಟು ಯಾಕೆ ಮನಸ್ಸಿಗೆ ಹಚ್ಕೋತೀರಿ? ಆ ಯಮ್ಮನ ಹೆಸರೇ ನಂಗೆ ಮರೆತುಹೋಗಿತ್ತು.” ಆ ಸಮಾಧಾನದ ಮಾತು ಮೇಷ್ಟ್ರಿಗೆ ಬೈಗುಳಕ್ಕಿಂತ ಜೋರಾಗಿ ತಾಗಿತು.

ಫೆಬ್ರವರಿಯಲ್ಲಿ ವೀಣ ಫೋನ್ ಮಾಡಿದರು. “ಅಮ್ಮ ಆ ಹಾಡು ಇನ್ನೊಂದ್ಸಲ ಕೇಳಬೇಕಂತೆ. ನಿಮ್ಮ ಸಭೇಲೇ. ಅವತ್ತು ನೀವು ಮಾತಾಡಬಾರದಂತೆ.”

ಆ ತಿಂಗಳ ಸಭೆಯಲ್ಲಿ ಮೇಷ್ಟ್ರು ಮಾತಾಡಲಿಲ್ಲ. ತಟ್ಟೆ ಹಾಕಿ, ಮುಳ್ಳು ಇಳಿಸಿ, ಮೂಲೆಯ ಕುರ್ಚಿಯಲ್ಲಿ ಕೂತರು. ದೇವಿರಮ್ಮ ಮುಂದಿನ ಸಾಲಿನಲ್ಲಿ ಕೂತು ಒಂದೊಂದು ಸಾಲು ಮುಗಿದಾಗಲೂ ಕೈ ಎತ್ತುತ್ತಿದ್ದರು. ಮೇಷ್ಟ್ರು ಹಾಡು ನಿಲ್ಲಿಸುತ್ತಿದ್ದರು. ದೇವಿರಮ್ಮ ತಮ್ಮ ಮಾತಿನಲ್ಲಿ ಅರ್ಥ ಹೇಳುತ್ತಿದ್ದರು. ‘ನಿಂಗೆ ನಿದ್ದೆ ಬರ್ದಂಗಾಗ್ಲಿ ಮಗ. ನೀ ತಟ್ಟಿದ ಬಾಗ್ಲು ತೆಗೀದಂಗಾಗ್ಲಿ. ನಿನ್ನ ತೂಗಿದ ಕೈ ನಿಂಗೆ ಮಣ್ಣು ಆಕ್ದಂಗಾಗ್ಲಿ.’ ಒಂದು ಕಡೆ ಪದ ಸಿಗದೆ ತಡೆದರು. ತೊಡೆಯ ಮೇಲಿನ ಬ್ಯಾಗಿಗೆ ಕೈ ಹೋಯಿತು. ಅಲ್ಲಿ ನೋಟ್‌ಬುಕ್ಕು ಇಲ್ಲ ಎಂದು ನೆನಪಾಗಿ ಕೈ ಹಿಂದಕ್ಕೆ ಬಂತು. “ಇದೊಂದು ಗೊತ್ತಾಯ್ತಾ ಇಲ್ಲ,” ಎಂದು ಮುಂದಕ್ಕೆ ಹೋದರು. ಆ ಕೈಯನ್ನು ಮೇಷ್ಟ್ರು ನೋಡಿದರು. ಮಿಕ್ಕವರು ನೋಡಿದರೋ ಇಲ್ಲವೋ.

ಕೊನೆಯ ಸಾಲಿನಲ್ಲಿ ಹಾಡುವವಳ ಗಂಟಲು ಒಡೆಯಿತು. ದೇವಿರಮ್ಮ ಕೈ ಎತ್ತಲಿಲ್ಲ. ಹಾಡು ಮುಗಿದು ತಟ್ಟೆ ಸುಮ್ಮನೆ ಕರಕರ ಸುತ್ತುವಾಗ ಹೇಳಿದರು, “ಇಲ್ಲಿ ಮಾತಿಲ್ಲ. ಮಗನ ಹೆಸ್ರು ಕರೀತಾಳೆ, ಅಷ್ಟೇಯ. ಈಟು ಸಾಪ ಆಕಿದ್ಮ್ಯಾಕೆ ಹೆಸ್ರು ಕರ್ಯಾಕೆ ಗಂಟ್ಲು ಇರ್ತದಾ?”

ಮೇಷ್ಟ್ರು ಮುಳ್ಳು ಎತ್ತುವುದನ್ನೇ ಮರೆತರು. ಆ ಒಡೆದ ಸ್ವರವನ್ನು ಎಷ್ಟೋ ಸಲ ಕೇಳಿದ್ದರು. ಮುದುಕಿಯ ಕೈಲಾಗದ್ದು ಎಂದು ಬರೆದಿದ್ದರು. ಅದರೊಳಗೆ ಒಂದು ಹೆಸರಿದೆ ಎಂದು ಒಂದು ಸಲವೂ ಕೇಳಿಸಿರಲಿಲ್ಲ.

ಸಭೆ ಮುಗಿದಾಗ ಹೊಸಬರೊಬ್ಬರು ಮೇಷ್ಟ್ರ ಕೈ ಕುಲುಕಿ, “ಒಳ್ಳೆ ವ್ಯಕ್ತೀನ ಹುಡುಕಿ ತಂದಿದ್ದೀರಿ ಸಾರ್,” ಎಂದರು. “ನಾನು ಹುಡುಕಲಿಲ್ಲ. ಅವರೇ ಬಂದಿದ್ದರು, ನಾನು ಕಳಿಸಿಬಿಟ್ಟಿದ್ದೆ,” ಎಂದರು ಮೇಷ್ಟ್ರು. ಹೊಸಬರಿಗೆ ಅರ್ಥವಾಗಲಿಲ್ಲ. ವಿವರಿಸಿದರು. ಇಂಥ ವಿವರಣೆಯನ್ನು ಇನ್ನೂ ಎಷ್ಟು ಜನಕ್ಕೆ ಕೊಡಬೇಕೋ, ಕೊಟ್ಟಾಗಲೆಲ್ಲ ಕಿವಿ ಹೀಗೇ ಬಿಸಿಯಾಗುತ್ತದೋ ಏನೋ ಎಂದುಕೊಂಡರು.

ದೇವಿರಮ್ಮನನ್ನು ಬಸ್ ಸ್ಟ್ಯಾಂಡಿನವರೆಗೆ ಬಿಟ್ಟುಬರಲು ಜೊತೆಗೆ ನಡೆದರು. ಮದ್ದೂರಿನ ಬಸ್ಸು ಹೊರಡಲು ನಿಂತಿತ್ತು. ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತ ದೇವಿರಮ್ಮ ಕೆಳಗೆ ನಿಂತ ಮೇಷ್ಟ್ರನ್ನು ನೋಡಿದರು.

“ನಿಮ್ಮ ಮ್ಯಾಲೆ ಸಿಟ್ಟು ಓಗಿಲ್ಲ ಮೇಷ್ಟ್ರೇ. ಓಯ್ತದೆ ಅಂತಾನೂ ಏಳಾಕಿಲ್ಲ.”

“ಸರಿ,” ಎಂದರು ಮೇಷ್ಟ್ರು.

“ನಾಕ್ನೇ ಅಂಕ ಉಳ್ಕಂಡದೆ. ಮುಂದಿನ ತಿಂಗ್ಳು ಬತ್ತೀನಿ. ಆ ಪುಸ್ತಿಕೆ ತಂದು ಕೊಡಿ, ಮೊದ್ಲೇ ಓದ್ಕಬೇಕು.”

ಬಸ್ಸು ಹೊರಟಿತು. ಪುಸ್ತಿಕೆ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಪ್ರೆಸ್ಸಿನ ಮಹಡಿಯ ಮೇಲೆ ಇತ್ತು. ಅಂಚೆಯಲ್ಲಿ ಕಳಿಸುವುದೋ, ತಾವೇ ಮಳವಳ್ಳಿಗೆ ಹೋಗಿ ಕೊಟ್ಟುಬರುವುದೋ ಎಂದು ಯೋಚಿಸುತ್ತ ಮೇಷ್ಟ್ರು ಪ್ರೆಸ್ಸಿನ ಕಡೆಗೆ ನಡೆದರು. ಹೋಗಿಯೇ ಕೊಡಬೇಕು. ಆ ಖಾಲಿ ಖಾನೆಗಳಿರುವ ಬೀರಿನ ಎದುರು ಇನ್ನೊಮ್ಮೆ ಕೂರಬೇಕು. ಹಾಗೆಂದು ತೀರ್ಮಾನಿಸಿದ ಮೇಲೂ ಅವರ ಹೆಜ್ಜೆ ಸಲೀಸಾಗಲಿಲ್ಲ.